ಕಂಪ್ಯೂಟರಿನ ಹೊಟ್ಟೆಯೊಳಗೆ ಬೆಂಕಿ ಹಚ್ಚಿದ್ದು

ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಕೂತು ನಾನು ಒಂದು ಕಂಪ್ಯೂಟರಿನ ಹೊಟ್ಟೆಯೊಳಗಿದ್ದ ಇನ್ನೊಂದು ಕಂಪ್ಯೂಟರಿಗೆ ಬೆಂಕಿ ಹಚ್ಚಿದ ದಿನ ಭದ್ರಾ ನದಿ ಕುದಿಯಿತು. ಬೆಚ್ಚಗಾಯಿತು ಎನ್ನುತ್ತಿಲ್ಲ, ಕುದಿಯಿತು ಎನ್ನುತ್ತಿದ್ದೇನೆ. ಸೇತುವೆಯ ಕೆಳಗೆ ಬಟ್ಟೆ ಒಗೆಯುತ್ತಿದ್ದವರು ಸೋಪು ಹಚ್ಚುವ ಮೊದಲೇ ಕೊಳೆ ಬಿಟ್ಟಿತೆಂದು ಎದ್ದು ಮನೆಗೆ ಹೋದರು. ಮೀನುಗಳು ಬೆಂದು ತೇಲಿಬಂದವು. ಉಪ್ಪು ಖಾರ ಕೂಡ ಹದವಾಗಿತ್ತೆಂದು ತಿಂದವರು ಹೇಳಿದರು. ಶಿವಮೊಗ್ಗದ ಬಸ್ಸುಗಳ ಗಾಜಿಗೆಲ್ಲ ಹಬೆ ಕಟ್ಟಿ, ಯಾವ ಸ್ಟಾಪು ಬಂತೆಂದು ಕಂಡಕ್ಟರುಗಳು ವಾಸನೆ ಹಿಡಿದು ಹೇಳಬೇಕಾಯಿತು.

ನಂಬದವರು ಇರುತ್ತಾರೆ. ಅವರಿಗಾಗಿ ಮೊದಲಿನಿಂದ ಹೇಳುತ್ತೇನೆ.

ನಾನು ಶಿವರಾಜ್. ಶಿವಮೊಗ್ಗದ ಗೋಪಾಳದಲ್ಲಿರುವ ‘ಬ್ರಹ್ಮಾಂಡ ಕಂಪ್ಯೂಟರ್ಸ್’ ಎಂಬ ಸಂಸ್ಥೆಯ ಸ್ಥಾಪಕ, ಮುಖ್ಯಸ್ಥ, ತಾಂತ್ರಿಕ ಸಲಹೆಗಾರ ಮತ್ತು ಕಸ ಗುಡಿಸುವವನು. ದಕ್ಷಿಣ ಭಾರತದಲ್ಲಿ ಅಷ್ಟು ವಿಶಾಲವಾದ ಅಂಗಡಿ ಇನ್ನೊಂದಿಲ್ಲ. ಗಿರಾಕಿ ಒಳಗೆ ಬಂದರೆ ನಾನು ಹೊರಗೆ ಬಂದು ನಿಲ್ಲುತ್ತೇನೆ. ಅದು ಜಾಗ ಸಾಲದೆ ಅಲ್ಲ, ಗಿರಾಕಿಗೆ ಕೊಡುವ ಮರ್ಯಾದೆ. ಪಕ್ಕದ ಮಳಿಗೆ ಆರಿಫ್‌ನದು. ಅವನು ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾನೆ. ಸುಟ್ಟುಹೋದ ಬೋರ್ಡಿಗೆ ಜೀವ ಬರಿಸುತ್ತಾನೆ, ಮಾತು ಕಡಿಮೆ ಆಡುತ್ತಾನೆ. ಮಾತಿನ ವಿಭಾಗ ನಮ್ಮಿಬ್ಬರ ಪರವಾಗಿ ನಾನೇ ನೋಡಿಕೊಳ್ಳುತ್ತೇನೆ.

ಆರಿಫ್‌ನ ಸ್ವಂತ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಎಂಬ ವ್ಯವಸ್ಥೆ ಇದೆ. ಅದರಲ್ಲಿ ಒಂದು ವಿಂಡೋವನ್ನು ಮೌಸಿನಿಂದ ಹಿಡಿದೆಳೆದರೆ ತಟ್ಟೆಯಲ್ಲಿಟ್ಟ ಹಾಲುಬಾಯಿ ಸಿಹಿಯಂತೆ ಥರಥರ ನಡುಗುತ್ತದೆ. ನಾಲ್ಕು ಡೆಸ್ಕ್‌ಟಾಪುಗಳು ಒಂದು ಡಬ್ಬಿಯ ನಾಲ್ಕು ಮುಖಕ್ಕೆ ಅಂಟಿಕೊಂಡು ಗರಗರ ತಿರುಗುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ವಿಂಡೋ ಮುಚ್ಚಿದರೆ ಅದಕ್ಕೆ ಬೆಂಕಿ ಹತ್ತಿಕೊಂಡು ಮೇಲಿನಿಂದ ಕೆಳಗಿನವರೆಗೆ ಉರಿದು ಬೂದಿಯಾಗುತ್ತದೆ. ಇದರಿಂದ ಯಾರಿಗೆ ಏನು ಉಪಯೋಗ ಎಂದು ಕೇಳಬಾರದು. ಬಂದವರೆಲ್ಲ ಬಾಯಿ ತೆರೆದು ನೋಡುತ್ತಾರೆ, ಅಷ್ಟು ಸಾಕು. ಆರಿಫ್ ಇಲ್ಲದಾಗ ಬಂದವರಿಗೆ ಇದೆಲ್ಲ ನಾನೇ ಮಾಡಿದ್ದು ಎಂದು ಹೇಳುವ ವಾಡಿಕೆ ಇಟ್ಟುಕೊಂಡಿದ್ದೇನೆ.

ಒಂದು ಮಧ್ಯಾಹ್ನ ಪುಷ್ಪಮ್ಮ ಮಿಸ್ ಬಂದರು. ನಮ್ಮಪ್ಪ ಕಾಗದದ ಕಾರ್ಖಾನೆಯಲ್ಲಿದ್ದಾಗ ಕಾಗದನಗರದ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು ಅವರೇ. ನಿವೃತ್ತರಾದ ಮೇಲೆ ಅಲ್ಲಿನ ನಿವಾಸಿಗಳ ಸಂಘದ ಕೋಣೆಯಲ್ಲಿ ಕನ್ನಡ ಟೈಪಿಂಗ್ ಮತ್ತು ಕಂಪ್ಯೂಟರ್ ಕ್ಲಾಸು ನಡೆಸುತ್ತಾರೆ. ಅಲ್ಲಿಯ ಕಂಪ್ಯೂಟರುಗಳು ಎಷ್ಟು ಹಳೆಯವೆಂದರೆ, ಅವುಗಳ ಮೊದಲ ಮೌಸನ್ನು ಗಣಪತಿ ಬಂದು ವಾಪಸು ಕೇಳಿದ್ದನಂತೆ.

ಮಿಸ್ ಹೇಳಿದ್ದಿಷ್ಟು. ಕ್ಲಾಸಿಗೆ ಮಕ್ಕಳು ಬರುವುದು ನಿಂತಿದೆ. ಪೇಟೆ ಕಡೆ ಹೊಸದೊಂದು ಸೆಂಟರ್ ತೆರೆದಿದೆ. ಅಲ್ಲಿ ಏಸಿ ಇದೆ, ಗೋಡೆ ತುಂಬ ಬಣ್ಣದ ದೀಪ ಇದೆ. ಇತ್ತ ಶಾಮಿಯಾನದ ಕಲ್ಲಪ್ಪ ತನ್ನ ಹಂಡೆ, ಬಾಣಲೆ, ಕುರ್ಚಿ ಇಡಲು ಅದೇ ಕೋಣೆ ಬೇಕೆಂದು ಸಂಘದ ಅಧ್ಯಕ್ಷ ಉಜ್ಜನಪ್ಪನವರ ಬೆನ್ನು ಬಿದ್ದಿದ್ದಾನೆ. ಉಜ್ಜನಪ್ಪ ನ್ಯಾಯವಂತರು. ಭಾನುವಾರ ಅಪ್ಪ ಅಮ್ಮಂದಿರನ್ನು ಕರೆದು ಒಂದು ಕಾರ್ಯಕ್ರಮ ಮಾಡಿ, ಹೊಸ ಬ್ಯಾಚಿಗೆ ಮಕ್ಕಳು ಸೇರಿದರೆ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ, ಸೇರದಿದ್ದರೆ ಅಂದೇ ಕಲ್ಲಪ್ಪನಿಗೆ ಕೊಡುತ್ತೇನೆ ಎಂದಿದ್ದಾರೆ.

ಇಷ್ಟು ಹೇಳುವಾಗ ಮಿಸ್ ಕಣ್ಣು ಆರಿಫ್‌ನ ಪರದೆಯ ಮೇಲಿತ್ತು. ಅಲ್ಲಿ ಒಂದು ವಿಂಡೋ ಉರಿಯುತ್ತಿತ್ತು.

‘ಇದು ನಮ್ಮ ಕ್ಲಾಸಿನ ಕಂಪ್ಯೂಟರಲ್ಲಿ ಆಗುತ್ತೇನಪ್ಪ?’ ಎಂದು ಕೇಳಿದರು.

ಆಗುವುದಿಲ್ಲ ಎನ್ನಲು ಆರಿಫ್ ಬಾಯಿ ತೆರೆದ. ಅವನ ಬಾಯಿ ನಿಧಾನ. ನನ್ನದು ಅದಾಗಲೇ ಹೊರಟಾಗಿತ್ತು.

‘ಆಗುತ್ತೆ ಮಿಸ್. ನಾನು ಕಣ್ಣು ಮುಚ್ಕೊಂಡು ಮಾಡ್ತೀನಿ,’ ಎಂದೆ.

‘ವಿಂಡೋಸ್ ತೆಗೀಬಾರ್ದು ಶಿವು. ಟೈಪಿಂಗ್ ಸಾಫ್ಟ್‌ವೇರ್ ಅದರಲ್ಲೇ ಇರೋದು. ಅದು ಹೋದ್ರೆ ಕ್ಲಾಸೇ ಹೋಯ್ತು.’

ಅಲ್ಲಿಯೇ ನನ್ನ ಪ್ರತಿಭೆ ಹೊಳೆದದ್ದು. ವಿಂಡೋಸನ್ನು ಕೂದಲೂ ಕೊಂಕದಂತೆ ಇದ್ದಲ್ಲಿಯೇ ಬಿಟ್ಟು, ಅದರೊಳಗೆ ಒಂದು ವರ್ಚುವಲ್ ಮೆಷಿನ್ ಕಟ್ಟಿ, ಆ ಮೆಷಿನ್ನಿನೊಳಗೆ ಲಿನಕ್ಸ್ ಕೂರಿಸಿ, ಆ ಲಿನಕ್ಸಿನೊಳಗೆ ಬೆಂಕಿ ಹಚ್ಚುತ್ತೇನೆ ಎಂದೆ. ಮಿಸ್‌ಗೆ ಅರ್ಥವಾಗಲೆಂದು ಬಿಡಿಸಿ ಹೇಳಿದೆ. ವರ್ಚುವಲ್ ಮೆಷಿನ್ ಎಂದರೆ ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟ ಹಾಗೆ. ಒಳಗಿರುವ ಬಾಡಿಗೆದಾರ ತನ್ನದೇ ಸ್ವಂತ ಮನೆ ಎಂದುಕೊಂಡು ಓಡಾಡುತ್ತಾನೆ. ಹೊರಗಿನ ಓನರಿಗೆ ಇವನಿಂದ ತೊಂದರೆಯಿಲ್ಲ.

ಮಿಸ್ ಹೋದ ಮೇಲೆ ಆರಿಫ್ ಬಾಯಿ ತೆರೆದದ್ದು ಪೂರ್ತಿಯಾಯಿತು.

‘ಬಾಡಿಗೆದಾರನಿಗೆ ಒಲೆ ಯಾರು ಕೊಡ್ತಾರೋ?’ ಎಂದ.

ಅವನು ಕೇಳಿದ್ದು ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನ ಮಾತು. ಈ ಬೆಂಕಿ, ಹಾಲುಬಾಯಿ, ಡಬ್ಬಿ ಎಲ್ಲ ಬೇಯುವುದು ಆ ಕಾರ್ಡಿನ ಮೇಲೆ. ಕಾರ್ಡು ಹೊರಗಿನ ಕಂಪ್ಯೂಟರಿನದು. ಒಳಗಿರುವವನು ಅದನ್ನು ಬಳಸಬೇಕಾದರೆ ಓನರು ಒಪ್ಪಬೇಕು, ಒಳಗೆ ಗೆಸ್ಟ್ ಡ್ರೈವರ್ ಎಂಬ ಸಾಫ್ಟ್‌ವೇರ್ ಹಾಕಬೇಕು, ವರ್ಚುವಲ್ ಮೆಷಿನ್ನಿನ ಸೆಟ್ಟಿಂಗಿನಲ್ಲಿ ‘ತ್ರೀಡಿ’ ಎಂಬ ಚೌಕಕ್ಕೆ ಟಿಕ್ ಹಾಕಬೇಕು. ಇಲ್ಲವಾದರೆ ಬಾಡಿಗೆದಾರ ಮೊಂಬತ್ತಿಯ ಮೇಲೆ ಮದುವೆ ಅಡುಗೆ ಮಾಡಿದ ಹಾಗೆ. ಇಷ್ಟನ್ನು ಆರಿಫ್ ಹೇಳಿದ. ನಾನು ಹಲ್ಲುಜ್ಜುವ ವಯಸ್ಸಿನಿಂದಲೇ ಇದು ಗೊತ್ತಿದೆ ಎಂದು ಅವನಿಗೆ ತಿಳಿಸಿದೆ.

ಮರುದಿನ ಭದ್ರಾವತಿಗೆ ಹೋದೆ. ಬಸ್ಸು ನಿಧಾನವಾಯಿತೆಂದು ನಾನೇ ಇಳಿದು ತಳ್ಳಿದ್ದರಿಂದ ಬೇಗ ತಲುಪಿದೆವು.

ಮಿಸ್ ಕೋಣೆಯಲ್ಲಿದ್ದ ಕಂಪ್ಯೂಟರುಗಳಲ್ಲಿ ಗಟ್ಟಿಮುಟ್ಟಾದದ್ದನ್ನು ಆರಿಸಿ, ಅದರೊಳಗೆ ವರ್ಚುವಲ್ ಮೆಷಿನ್ ಕಟ್ಟಿದೆ. ಲಿನಕ್ಸ್ ಕೂರಿಸಿದೆ. ಅದಾಗುವಷ್ಟರಲ್ಲಿ ಮಿಸ್ ಮೂರು ಸಲ ಕಾಫಿ ಕೊಟ್ಟರು. ನಾನು ಕುಡಿದ ಕಾಫಿಯಿಂದ ಚಿಕ್ಕಮಗಳೂರಿನಲ್ಲಿ ಆ ವಾರ ಕಾಫಿಗೆ ಕೊರತೆ ಬಿತ್ತು. ಎಫೆಕ್ಟುಗಳನ್ನೆಲ್ಲ ಆನ್ ಮಾಡಿ, ಒಂದು ವಿಂಡೋ ತೆರೆದು, ಹಿಡಿದು ಎಳೆದೆ.

ಏನೂ ಆಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ವಿಂಡೋದ ಬಲಮೂಲೆ ಹೊರಟಿತು. ಎಡಮೂಲೆ, ಹೋಗಬೇಕೋ ಬೇಡವೋ ಎಂದು ಯೋಚಿಸುತ್ತ ಅಲ್ಲಿಯೇ ನಿಂತಿತ್ತು. ನಡು ಮಾತ್ರ ಎರಡೂ ಕಡೆಯವರ ಮನಸ್ಸು ನೋಯಿಸಬಾರದೆಂದು ಹಿಗ್ಗುತ್ತಿತ್ತು. ಹಾಲುಬಾಯಿ ಬಿಡಿ, ನೆನೆಹಾಕಿದ ಚಾಪೆಯೂ ಅದಕ್ಕಿಂತ ಚುರುಕಾಗಿರುತ್ತದೆ. ಮುಚ್ಚಿದೆ. ಬೆಂಕಿ ಬಂತು, ಆದರೆ ಒಂದೊಂದೇ ಜ್ವಾಲೆಯಾಗಿ, ಪಾಳಿ ಹಚ್ಚಿಕೊಂಡು ಬಂತು.

ಅಷ್ಟರಲ್ಲಿ ಮಿಸ್ ಬಂದು ಕೇಳಿದರು, ಆಯ್ತೇನೋ ಎಂದು. ಆಯ್ತು ಮಿಸ್ ಎಂದೆ. ಅಷ್ಟೇ ಅಲ್ಲ, ಭಾನುವಾರ ದೀಪ ಹಚ್ಚುವ ಬದಲು ಉಜ್ಜನಪ್ಪನವರ ಕೈಯಿಂದ ಈ ವಿಂಡೋಗೇ ಬೆಂಕಿ ಹಚ್ಚಿಸಿ ಉದ್ಘಾಟನೆ ಮಾಡಿಸೋಣ, ಇಡೀ ಭದ್ರಾವತಿಯಲ್ಲಿ ಯಾರೂ ಮಾಡಿಲ್ಲ ಎಂದೆ. ಸುಮ್ಮನಿರಬಹುದಿತ್ತು. ಆದರೆ ಸುಮ್ಮನಿರುವುದು ನನ್ನ ಸಂಸ್ಥೆಯ ಸೇವೆಗಳಲ್ಲಿ ಇಲ್ಲ. ಮಿಸ್ ಮುಖ ಅರಳಿತು. ಆ ಮುಖ ನೋಡಿದ ಮೇಲೆ ನಿಜ ಹೇಳುವ ಧೈರ್ಯ ನನ್ನಂಥ ಹುಲಿಗೂ ಬರಲಿಲ್ಲ.

ಗೋಪಾಳಕ್ಕೆ ಬಂದು ಯೋಚಿಸಿದೆ. ನನ್ನ ತಲೆ ಓಡುವ ಸದ್ದಿಗೆ ಪಕ್ಕದ ಬೀದಿಯ ನಾಯಿಗಳು ಬೊಗಳಿದವು. ಆರಿಫ್ ಊಟಕ್ಕೆ ಹೋದಾಗ ಅವನ ಲ್ಯಾಪ್‌ಟಾಪ್ ತೆರೆದು, ವಿಂಡೋ ನಡುಗುವುದು, ಡಬ್ಬಿ ತಿರುಗುವುದು, ಬೆಂಕಿ ಉರಿಯುವುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ವಿಡಿಯೋ ಮಾಡಿಕೊಂಡೆ. ಅದನ್ನು ಮಿಸ್ ಕಂಪ್ಯೂಟರಿಗೆ ಹಾಕಿ, ಪರದೆ ತುಂಬ ತೆರೆದು, ಮೊದಲ ಚಿತ್ರದಲ್ಲಿ ನಿಲ್ಲಿಸಿಟ್ಟರೆ ಯಾವ ದೇವರಿಗೂ ಗೊತ್ತಾಗುವುದಿಲ್ಲ. ಉಜ್ಜನಪ್ಪ ಒಂದು ಸಲ ಕ್ಲಿಕ್ ಮಾಡುತ್ತಾರೆ, ವಿಡಿಯೋ ಓಡುತ್ತದೆ, ಚಪ್ಪಾಳೆ ಬೀಳುತ್ತದೆ, ನಾನು ಕೈಮುಗಿಯುತ್ತೇನೆ. ಆಮೇಲೆ ಉಪ್ಪಿಟ್ಟು.

ಭಾನುವಾರ ಬೆಳಿಗ್ಗೆ ಜನ ಬಂದಿದ್ದರು. ಲಕ್ಷಾಂತರ ಎಂದರೆ ನೀವು ನಗುತ್ತೀರಿ, ಆದ್ದರಿಂದ ಸಾವಿರಾರು ಎನ್ನುತ್ತೇನೆ. ಕಲ್ಲಪ್ಪ ಕುರ್ಚಿಗಳನ್ನು ಪುಕ್ಕಟೆ ಕೊಟ್ಟಿದ್ದ. ಅದರ ಅರ್ಥ ಬಾಗಿಲ ಬಳಿ ನಿಂತಿತ್ತು: ಒಂದು ಲಗೇಜ್ ಆಟೋ, ಅದರ ತುಂಬ ಹಂಡೆ, ಬಾಣಲೆ, ಸೌಟು. ಕಾರ್ಯಕ್ರಮ ಮುಗಿಯುತ್ತಿದ್ದಂತೆ ಕೋಣೆಗೆ ಇಳಿಸಿಬಿಡುವುದು ಅವನ ಯೋಜನೆ. ಉಜ್ಜನಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮಿಸ್ ಹತ್ತಿರದಿಂದ ಇಸಿದುಕೊಂಡಿದ್ದ ಬೀಗದ ಕೈ ಆ ಅಂಗಿಯ ಜೇಬಿನಲ್ಲಿ ಎದ್ದು ಕಾಣುತ್ತಿತ್ತು. ಮಿಸ್ ಆಗಾಗ ಅತ್ತ ನೋಡುತ್ತಿದ್ದರು, ಕಲ್ಲಪ್ಪ ಕಣ್ಣು ಕೀಳದೆ ನೋಡುತ್ತಿದ್ದ.

ಆರಿಫ್ ಕೂಡ ಬಂದಿದ್ದ. ನೀನು ಹೇಗೆ ಮಾಡಿದೆ ಎಂದು ನೋಡಬೇಕು ಎಂದ. ಅವನಿಗೆ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ, ಒಳ್ಳೆಯ ಜಾಗ ಮಾಡಿಕೊಟ್ಟೆ.

ನಾನು ಮೈಕು ಹಿಡಿದು ಚಿಕ್ಕದೊಂದು ಭಾಷಣ ಮಾಡಿದೆ. ಜಪಾನಿನವರು ಇದನ್ನು ಮಾಡಲು ಹೋಗಿ ಕೈಬಿಟ್ಟಿದ್ದಾರೆ ಎಂದೆ. ನಿನ್ನೆ ಪರೀಕ್ಷೆಗೆಂದು ಒಮ್ಮೆ ಬೆಂಕಿ ಹಚ್ಚಿದಾಗ ಭದ್ರಾ ನದಿ ಕುದಿದುಹೋಯಿತು, ಇವತ್ತು ಉರಿ ಸ್ವಲ್ಪ ಕಡಿಮೆ ಇಟ್ಟಿದ್ದೇನೆ, ಯಾರೂ ಹೆದರಬೇಕಿಲ್ಲ ಎಂದೆ. ಮುಂದಿನ ಸಾಲಿನ ಮಕ್ಕಳು ಕುರ್ಚಿ ಹಿಂದೆ ಸರಿಸಿಕೊಂಡರು. ಉಜ್ಜನಪ್ಪ ಮೇಜಿನ ಬಳಿ ಬಂದಾಗ ಮೌಸನ್ನು ಅವರ ಬೆರಳ ಕೆಳಗಿಟ್ಟು, ಕ್ಲಿಕ್ ಮಾತ್ರ ಮಾಡಬೇಕು, ಅಲುಗಾಡಿಸಬಾರದು, ಅಲುಗಾಡಿಸಿದರೆ ಒಳಗಿನ ಕಂಪ್ಯೂಟರಿಗೆ ತಲೆ ಸುತ್ತುತ್ತದೆ ಎಂದು ಕಿವಿಯಲ್ಲಿ ಹೇಳಿದೆ. ಅವರು ತುಂಬಿದ ಲೋಟ ಮುಟ್ಟುವವರಂತೆ ಮುಟ್ಟಿದರು.

ಪ್ರೊಜೆಕ್ಟರಿನ ಬೆಳಕಿನಲ್ಲಿ ಗೋಡೆಯ ತುಂಬ ವಿಂಡೋ ನಡುಗಿತು. ಡಬ್ಬಿ ತಿರುಗಿತು. ಬೆಂಕಿ ಹೊತ್ತಿ ಉರಿಯಿತು. ಚಪ್ಪಾಳೆ ಹೇಗಿತ್ತೆಂದರೆ ಎಷ್ಟೋ ದೂರದ ಕುಂಸಿಯಲ್ಲಿ ಜನ ಗುಡುಗೆಂದು ಕೊಡೆ ಬಿಚ್ಚಿದರು. ಮಿಸ್ ಕಣ್ಣಲ್ಲಿ ನೀರಿತ್ತು. ನಾನು ಕೈಮುಗಿದೆ. ಮುಂದಿನದು ಉಪ್ಪಿಟ್ಟು.

ಆದರೆ ನಾನು ನಮ್ಮ ಊರಿನವನಾಗಿಯೂ ನಮ್ಮ ಊರಿನ ಒಂದು ಕ್ರಮವನ್ನು ಮರೆತಿದ್ದೆ. ನಮ್ಮಲ್ಲಿ ಯಾವ ಸಭೆಯಲ್ಲಾದರೂ ದೀಪವನ್ನು ಒಬ್ಬರೇ ಹಚ್ಚುವುದು ಉಂಟೆ? ಐದು ಬತ್ತಿ ಇರುತ್ತದೆ. ಮೊದಲನೆಯದನ್ನು ಅಧ್ಯಕ್ಷರು ಹಚ್ಚಿ, ಮೊಂಬತ್ತಿಯನ್ನು ಪಕ್ಕದವರ ಕೈಗೆ ಕೊಡುತ್ತಾರೆ. ವೇದಿಕೆಯ ಮೇಲಿರುವ ಎಲ್ಲರೂ ಒಂದೊಂದು ಹಚ್ಚಲೇಬೇಕು. ಒಬ್ಬರನ್ನು ಬಿಟ್ಟರೆ ಮೂರು ವರ್ಷ ಮಾತಿರುವುದಿಲ್ಲ.

ಉಜ್ಜನಪ್ಪ ತುಂಬಾ ಮರ್ಯಾದೆಯಿಂದ ಮೌಸಿನಿಂದ ಬೆರಳು ತೆಗೆದು, ಬನ್ನಿ ಹೂವಮ್ಮನವರೆ, ನೀವೂ ಒಂದು ಹಚ್ಚಿ ಎಂದರು.

ಹೂವಮ್ಮ ಮಹಿಳಾ ಸಂಘದ ಅಧ್ಯಕ್ಷೆ. ಅವರು ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು. ಅವರ ಹಿಂದೆ, ಕುರ್ಚಿ ಕೊಟ್ಟವನೆಂಬ ಕಾರಣಕ್ಕೆ ವೇದಿಕೆ ಹತ್ತಿದ್ದ ಕಲ್ಲಪ್ಪ ತೋಳು ಮಡಚುತ್ತಿದ್ದ. ವಿಡಿಯೋ ಮುಗಿದು ನಿಂತಿತ್ತು. ಅದನ್ನು ಮೊದಲಿನಿಂದ ಓಡಿಸಬೇಕೆಂದರೆ ಹಿಂದಕ್ಕೆ ತಿರುಗಿಸಬೇಕು, ಅದು ಗೋಡೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಬೇರೆಯವನಾಗಿದ್ದರೆ ಮೂರ್ಛೆ ಹೋಗುತ್ತಿದ್ದ. ನಾನು ಸನ್ಮಾನಕ್ಕೆ ತಂದಿದ್ದ ಶಾಲನ್ನು ಎತ್ತಿಕೊಂಡು, ಮಂಗಳಾರತಿಗೆ ಮೊದಲು ಗರ್ಭಗುಡಿಗೆ ತೆರೆ ಹಿಡಿಯುತ್ತಾರಲ್ಲ ಹಾಗೆ, ಪ್ರೊಜೆಕ್ಟರಿನ ಮುಂದೆ ಹಿಡಿದೆ. ಇನ್ನೊಂದು ಕೈಯಲ್ಲಿ ವಿಡಿಯೋ ತಿರುಗಿಸಿದೆ. ಒಂದಿಬ್ಬರು ಹೆಂಗಸರು ಅಭ್ಯಾಸಬಲದಿಂದ ಕೈಮುಗಿದರು.

ಹೂವಮ್ಮ ಕ್ಲಿಕ್ ಮಾಡಿದರು. ನಡುಗಿತು, ತಿರುಗಿತು, ಉರಿಯಿತು. ಚಪ್ಪಾಳೆಯೂ ಬಂತು. ಆದರೆ ಕಲ್ಲಪ್ಪ ಗೋಡೆಯ ಬಲಮೂಲೆಯನ್ನೇ ನೋಡುತ್ತಿದ್ದ.

‘ಅಲ್ಲಿ ಏನೋ ಅಕ್ಷರ ಬಂತಲ್ಲ ಶಿವರಾಜಣ್ಣ,’ ಎಂದ. ‘ಪ್ರೆಸಿಡೆಂಟ್ರು ಹಚ್ಚಿದಾಗ್ಲೂ ಬಂದಿತ್ತು.’

ನಾನು ತಿರುಗಿ ನೋಡಿದೆ. ವಿಡಿಯೋ ಮಾಡುವಾಗ ನಾನು ಬೆಂಕಿಯನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಆರಿಫ್‌ನ ಫೋನು ಅವನ ಲ್ಯಾಪ್‌ಟಾಪಿಗೆ ಜೋಡಣೆಯಾಗಿದೆ. ಫೋನಿಗೆ ಬಂದ ಮೆಸೇಜು ಪರದೆಯ ಮೂಲೆಯಲ್ಲೂ ಬರುತ್ತದೆ. ಆವತ್ತು ಸರಿಯಾಗಿ ಆ ಹೊತ್ತಿಗೇ ಅವನ ತಾಯಿ ಶಮ್ಸುನ್ನೀಸಾ ಮೆಸೇಜು ಹಾಕಿದ್ದರು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ಆದ್ದರಿಂದ ಮನೆಮಾತನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಗೋಡೆಯ ಮೇಲೆ, ಎಮ್ಮೆ ಗಾತ್ರದ ಅಕ್ಷರಗಳಲ್ಲಿ, ‘ಆತೇ ವಖತ್ ಆಧಾ ಕಿಲೋ ಪ್ಯಾಜ್ ಲೇಕೋ ಆ’ ಎಂದಿತ್ತು.

ಅದು ಲಿನಕ್ಸಿನ ಸ್ವಾಗತ ವಾಕ್ಯ, ಲಿನಕ್ಸ್ ಹುಟ್ಟಿದ ಫಿನ್ಲೆಂಡಿನ ಭಾಷೆ ಎಂದು ನಾನು ಮೈಕಿನಲ್ಲಿ ವಿವರಿಸಿದೆ.

‘ಫಿನ್ಲೆಂಡಲ್ಲೂ ಈರುಳ್ಳೀನ ಪ್ಯಾಜ್ ಅಂತಾರಾ?’ ಎಂದ ಕಲ್ಲಪ್ಪ. ಮದುವೆ ಅಡುಗೆಗೆ ಸಾಮಾನು ತರುವವನಿಗೆ ಬಜಾರಿನ ಭಾಷೆಯೆಲ್ಲ ಬರುತ್ತದೆ. ‘ಬರ್ತಾ ಅರ್ಧ ಕಿಲೋ ಈರುಳ್ಳಿ ತಗಂಬಾ ಅಂತಿದೆ. ಇಬ್ಬರು ಬೆಂಕಿ ಹಚ್ಚಿದ್ರೂ ಈರುಳ್ಳಿ ಇನ್ನೂ ಬಂದಿಲ್ಲ ನೋಡಿ.’

ಸಭೆ ನಕ್ಕಿತು. ಹಿಂದೆ ಕಂಬದ ಮರೆಯಿಂದ ಆರಿಫ್ ಎದ್ದು ನಿಂತು ತನ್ನ ಫೋನು ನೋಡಿಕೊಂಡ, ಗೋಡೆ ನೋಡಿದ, ನನ್ನನ್ನು ನೋಡಿದ.

ನಾನು ಶಾಲು ಎತ್ತಿಕೊಂಡು ಎರಡನೆಯ ತೆರೆ ಹಿಡಿದೆ. ಈಗ ಕಲ್ಲಪ್ಪನ ಪಾಳಿ. ಕ್ಲಿಕ್ ಮಾತ್ರ ಮಾಡಿ, ಅಲುಗಾಡಿಸಬೇಡಿ ಎಂದೆ. ಅಲುಗಾಡಿಸಬೇಡಿ ಎಂದು ಕಲ್ಲಪ್ಪನಿಗೆ ಹೇಳುವುದೂ ಅಲುಗಾಡಿಸಿ ಎಂದು ಬೇಡಿಕೊಳ್ಳುವುದೂ ಒಂದೇ. ಅವನು ಮೌಸನ್ನು ಗಂಧ ತೇಯುವ ಹಾಗೆ ಮೇಜಿನ ಮೇಲೆಲ್ಲ ತೇಯ್ದ. ಗೋಡೆಯ ಮೇಲಿನ ಬೆಂಕಿಯ ಅಡಿಯಲ್ಲಿ ಒಂದು ಉದ್ದನೆಯ ಗೀಟು ಮೂಡಿತು. ಗೀಟಿನ ಮೇಲೊಂದು ಗುಂಡನೆಯ ಚುಕ್ಕಿ ಬಲಕ್ಕೆ ಜಾರುತ್ತಿತ್ತು.

ಇದೂ ಲಿನಕ್ಸಿನದೇ ಎನ್ನಲು ಬಾಯಿ ತೆರೆದೆ. ಹೂವಮ್ಮನವರು ಅಷ್ಟರಲ್ಲಿ ಕನ್ನಡಕ ಸರಿಮಾಡಿಕೊಂಡಿದ್ದರು.

‘ಇದು ವಿಡಿಯೋ ಕಣೋ,’ ಎಂದರು. ‘ಫೋನಲ್ಲಿ ಧಾರಾವಾಹಿ ನೋಡ್ವಾಗ ಇದೇ ಗೀಟು ಬರುತ್ತೆ. ಬೇಡದ್ದು ಬಂದ್ರೆ ಆ ಚುಕ್ಕಿ ಹಿಡ್ಕೊಂಡು ಮುಂದಕ್ಕೆ ತಳ್ತೀನಿ.’

ಅವರು ಕಲ್ಲಪ್ಪನ ಕೈಯಿಂದ ಮೌಸು ಇಸಿದುಕೊಂಡು ತಳ್ಳಿಯೂ ತೋರಿಸಿದರು. ಬೆಂಕಿ ಆರಿತು, ಮತ್ತೆ ಹತ್ತಿತು. ಈರುಳ್ಳಿ ಬಂತು, ಹೋಯಿತು, ಬಂತು.

ಹೊರಗೆ ಲಗೇಜ್ ಆಟೋದವನು ಇಂಜಿನ್ ಸ್ಟಾರ್ಟ್ ಮಾಡಿದ್ದು ಕೇಳಿಸಿತು. ಕಲ್ಲಪ್ಪ ಅವನಿಗೆ ಕಿಟಕಿಯಿಂದಲೇ ರಿವರ್ಸ್ ತಗೊಳ್ಳೋ ಎಂದು ಕೈಸನ್ನೆ ಮಾಡುತ್ತಿದ್ದ. ಉಜ್ಜನಪ್ಪನವರ ಕೈ ಜೇಬಿನ ಕಡೆ ಹೋಗಿತ್ತು. ಮಿಸ್ ಮುಖ ನೋಡಲಾರದೆ ನಾನು ಶಾಲನ್ನು ಮಡಚುತ್ತ ನಿಂತೆ. ಪ್ರಪಂಚದಲ್ಲಿ ಅಷ್ಟು ಅಚ್ಚುಕಟ್ಟಾಗಿ ಯಾರೂ ಶಾಲು ಮಡಚಿಲ್ಲ.

‘ಶಿವು,’ ಎಂದರು ಮಿಸ್. ಮೂರನೇ ತರಗತಿಯಲ್ಲಿ ಕರೆಯುತ್ತಿದ್ದ ದನಿ ಅದು. ‘ನಿಜವಾದ್ದು ಇದ್ಯಾ?’

‘ಇದೆ ಮಿಸ್. ಆದ್ರೆ ತುಂಬಾ ನಿಧಾನ. ನೋಡೋಕಾಗಲ್ಲ.’

‘ತೋರಿಸು.’

ವಿಡಿಯೋ ಮುಚ್ಚಿ ವರ್ಚುವಲ್ ಮೆಷಿನ್ ತೆರೆದೆ. ಒಂದು ವಿಂಡೋ ಹಿಡಿದು ಎಳೆದೆ. ಯಥಾಪ್ರಕಾರ ಏನೂ ಆಗಲಿಲ್ಲ. ಸಭೆಯಲ್ಲಿ ಯಾರೋ ಕೆಮ್ಮಿದರು. ಆಮೇಲೆ ಬಲಮೂಲೆ ಹೊರಟಿತು.

‘ಹೊರಡ್ತು,’ ಎಂದಿತು ಮುಂದಿನ ಸಾಲಿನ ಒಂದು ಮಗು.

ಎಡಮೂಲೆ ಎಂದಿನಂತೆ ಯೋಚಿಸುತ್ತಿತ್ತು. ಈಗ ಬರುತ್ತೆ, ಇಲ್ಲ ಬರಲ್ಲ ಎಂದು ಮಕ್ಕಳಲ್ಲಿ ಎರಡು ಪಂಗಡವಾಯಿತು. ಬಂದಾಗ ಒಂದು ಪಂಗಡ ಕುಣಿಯಿತು. ನಾನು ಮುಚ್ಚುವ ಗುಂಡಿ ಒತ್ತಿದೆ. ಮೊದಲ ಜ್ವಾಲೆ ಮೆಲ್ಲಗೆ ತಲೆ ಎತ್ತಿ ಅತ್ತಿತ್ತ ನೋಡಿತು. ಎರಡನೆಯದು ಬರುವಷ್ಟರಲ್ಲಿ ಒಂದು ಹುಡುಗಿ ವೇದಿಕೆ ಹತ್ತಿ ಗೋಡೆಗೆ ಮುಖ ಕೊಟ್ಟು ಉಫ್ ಎಂದು ಊದಿದಳು. ಉಳಿದವರೂ ಓಡಿಬಂದರು. ಸಾವಿರಾರು ಮಕ್ಕಳು ಗೋಡೆಗೆ ಸಾಲಾಗಿ ನಿಂತು ಊದಿದರು. ಬೆಂಕಿ ಅಷ್ಟು ನಿಧಾನವಾಗಿದ್ದರಿಂದ ಎಲ್ಲರಿಗೂ ಒಂದೊಂದು ಜ್ವಾಲೆ ಸಿಕ್ಕಿತು.

ನಾನು ತಲೆ ತಗ್ಗಿಸಿದ್ದೆ. ಮಿಸ್ ಮಾತ್ರ, ಆರಿಫ್ ಮುಂದೆ ಬಂದು ಕಿವಿಯಲ್ಲಿ ಒಲೆಯ ಮಾತು ಹೇಳುತ್ತಲೇ, ಮೇಜಿನಿಂದ ಸೀಮೆಸುಣ್ಣ ಎತ್ತಿಕೊಂಡು ಪಕ್ಕದ ಕರಿಹಲಗೆಯ ಮುಂದೆ ನಿಂತುಬಿಟ್ಟಿದ್ದರು. ಒಂದು ದೊಡ್ಡ ಮನೆ ಬರೆದರು, ಅದರೊಳಗೊಂದು ಚಿಕ್ಕ ಮನೆ ಬರೆದರು. ಒಳಗಿರುವವನಿಗೆ ಒಲೆ ಇಲ್ಲ ಎಂದರು. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಅವನು ಬೆಂಕಿಯ ಒಂದೊಂದು ಚುಕ್ಕಿಯನ್ನೂ ಲೆಕ್ಕ ಹಾಕಿ ಇಡಬೇಕು, ಅದಕ್ಕೇ ಇಷ್ಟು ಹೊತ್ತು ಎಂದರು. ಹಾಗಾದರೆ ಒಲೆ ಕೊಟ್ಟರೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳಿದರು. ಬೇಗ ಬೇಯುತ್ತೆ ಮಿಸ್ ಎಂದು ಎಲ್ಲ ಒಟ್ಟಿಗೆ ಕೂಗಿದವು. ಬಾಡಿಗೆ ಮನೆಯ ಆ ಹೋಲಿಕೆ ನನ್ನದು, ಒಲೆ ಆರಿಫ್‌ನದು. ನಮ್ಮಿಬ್ಬರ ಬಾಯಲ್ಲಿ ಅದು ಇಷ್ಟು ಚೆನ್ನಾಗಿ ಕೇಳಿಸಿರಲಿಲ್ಲ.

ಹೂವಮ್ಮ ತಮ್ಮ ಮೊಮ್ಮಗಳನ್ನು ಗೋಡೆಯಿಂದ ಬಿಡಿಸಿಕೊಂಡು ಬಂದರು.

‘ಪೇಟೆ ಸೆಂಟರಲ್ಲಿ ಬರೀ ತೋರಿಸ್ತಾರೆ ಮಿಸ್. ಒಳಗೆ ಏನಾಗ್ತಿದೆ ಅಂತ ಯಾರೂ ಹೇಳಲ್ಲ,’ ಎಂದರು. ‘ನಮ್ಮ ಹುಡುಗಿ ಇಲ್ಲಿಗೇ ಬರ್ತಾಳೆ.’

ಆಮೇಲೆ ಒಬ್ಬೊಬ್ಬರೇ ಎದ್ದು ಬಂದರು. ಹೊಸ ಬ್ಯಾಚು ತುಂಬಿತು. ಉಜ್ಜನಪ್ಪ ಜೇಬಿನಿಂದ ಬೀಗದ ಕೈ ತೆಗೆದು ಮಿಸ್ ಕೈಗೆ ಕೊಟ್ಟರು. ಕಲ್ಲಪ್ಪ ಕಿಟಕಿಯಿಂದ ಆಟೋದವನಿಗೆ ಇನ್ನೊಂದು ಸನ್ನೆ ಮಾಡಿದ. ಅರ್ಧ ರಿವರ್ಸ್ ಬಂದಿದ್ದ ಆಟೋ ಹಂಡೆಗಳನ್ನು ಗಡಗಡ ಕುಣಿಸುತ್ತ ವಾಪಸು ಹೋಯಿತು. ಅವನು ಸೋತ ಮುಖ ಮಾಡಲಿಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತು, ಇದಕ್ಕೂ ಈರುಳ್ಳಿ ಕಡಿಮೆಯಾಗಿದೆ ಮಾರಾಯ ಎಂದ.

ಕುರ್ಚಿ ಮಡಚುವ ಹೊತ್ತಿಗೆ ನನಗೆ ಧೈರ್ಯ ಮರಳಿತ್ತು. ಬೆಂಕಿಯನ್ನು ಬೇಕೆಂದೇ ನಿಧಾನ ಮಾಡಿದ್ದು, ಮಕ್ಕಳ ಮನಸ್ಸು ನನಗೆ ಮೊದಲೇ ಗೊತ್ತಿತ್ತು ಎಂದು ನಾಲ್ಕು ಜನಕ್ಕೆ ಹೇಳುತ್ತಿದ್ದೆ. ಒಳಗಿರುವವನಿಗೆ ಒಲೆ ಕೊಡಿಸಲು ಎರಡು ದಿನ ಹೋರಾಡಿದೆ, ಹಳೆಯ ಕಂಪ್ಯೂಟರು ಒಪ್ಪಲೇ ಇಲ್ಲ ಎಂದೂ ಸೇರಿಸಿದೆ.

ಅಷ್ಟರಲ್ಲಿ ಮಿಸ್ ಕರೆದರು. ಅವರು ಕಂಪ್ಯೂಟರಿನ ಮುಂದೆ ಕೂತಿದ್ದರು, ಆರಿಫ್ ಪಕ್ಕದಲ್ಲಿ ನಿಂತಿದ್ದ. ವರ್ಚುವಲ್ ಮೆಷಿನ್ನಿನ ಸೆಟ್ಟಿಂಗು ತೆರೆದಿತ್ತು. ಟೈಪಿಂಗ್ ಕಲಿಸುವವರು ಪರದೆಯ ಮೇಲಿನ ಒಂದು ಅಕ್ಷರವನ್ನೂ ಬಿಡದೆ ಓದುತ್ತಾರೆ.

‘ಆರಿಫ್ ಹೇಳಿದ ತ್ರೀಡಿ ಚೌಕ ಇದೇ ಅಲ್ವಾ?’ ಎಂದು ಬೆರಳಿಟ್ಟರು. ‘ಇದು ಖಾಲಿ ಇದೆ.’

ನಾನು ಆರಿಫ್‌ನನ್ನು ನೋಡಿದೆ. ಅವನು ಚಾವಣಿಯ ಫ್ಯಾನು ನೋಡುತ್ತಿದ್ದ.

‘ಒಂದು ಸಲ ಟಿಕ್ ಹಾಕಿದ್ದೆ ಮಿಸ್,’ ಎಂದೆ. ‘ಪರದೆ ಪೂರ್ತಿ ಕಪ್ಪಾಗೋಯ್ತು. ನಿಮ್ಮ ಕಂಪ್ಯೂಟರ್ ಸತ್ತೇ ಹೋಯ್ತು ಅಂತ ಹೆದರಿ ತೆಗೆದುಬಿಟ್ಟೆ. ಆಮೇಲೆ ಮುಟ್ಟಲೇ ಇಲ್ಲ.’

‘ಗೆಸ್ಟ್ ಡ್ರೈವರ್ ಹಾಕಿದ್ಯಾ?’ ಎಂದ ಆರಿಫ್.

‘ಇಲ್ಲ.’

‘ಹಲ್ಲುಜ್ಜೋ ವಯಸ್ಸಿಂದ ಗೊತ್ತಿತ್ತಲ್ಲ ನಿಂಗೆ.’

‘ನೀನು ಹೇಳಿದ ಮೇಲೇ ಗೊತ್ತಾಗಿದ್ದು. ಅದೂ ಅರ್ಧ.’

ಈಗ ಹಾಕಿಬಿಡಲೇ ಎಂದು ಕೈ ಚಾಚಿದೆ. ಮಿಸ್ ಮೌಸನ್ನು ತಮ್ಮ ಕಡೆ ಎಳೆದುಕೊಂಡರು. ಬೇಡ, ಅದು ಮೊದಲ ದಿನದ ಪಾಠ, ಮಕ್ಕಳ ಕೈಯಿಂದಲೇ ಹಾಕಿಸುತ್ತೇನೆ, ಆರಿಫ್ ಬಂದು ಡ್ರೈವರ್ ಹೇಗೆಂದು ತೋರಿಸಲಿ ಎಂದರು. ನಾನೂ ಬರಬಹುದೇ ಎಂದು ಕೇಳಿದೆ. ಹಿಂದಿನ ಸಾಲಿನಲ್ಲಿ ಕೂರುವುದಾದರೆ ಬಾ ಎಂದರು.

ಬೀಗ ಹಾಕಿಕೊಂಡು ಹೊರಗೆ ಬಂದಾಗ ಉಜ್ಜನಪ್ಪ ಗೇಟಿನ ಬಳಿ ಕಾಯುತ್ತಿದ್ದರು.

‘ಒಂದು ಕೇಳ್ಬೇಕಿತ್ತು ಶಿವರಾಜ್. ಭದ್ರಾ ನದಿ ಕುದೀತು ಅಂದ್ಯಲ್ಲ. ನಾನು ದಿನಾ ಬೆಳಿಗ್ಗೆ ಅಲ್ಲೇ ವಾಕಿಂಗ್ ಹೋಗೋದು. ನಿನ್ನೇನೂ ಹೋಗಿದ್ದೆ, ನೀರಲ್ಲಿ ಕಾಲೂ ಇಟ್ಟಿದ್ದೆ.’

ಮಿಸ್ ನಿಂತು ನನ್ನನ್ನು ನೋಡಿದರು. ಆರಿಫ್ ನೋಡಿದ. ಇನ್ನೊಂದು ತೆರೆ ಹಿಡಿಯೋಣವೆಂದರೆ ಶಾಲನ್ನು ಹೂವಮ್ಮನವರಿಗೆ ಹೊದಿಸಿ ಆಗಿತ್ತು.

‘ಕುದೀಲಿಲ್ಲ ಸಾರ್,’ ಎಂದೆ. ‘ಮೀನೂ ಬೇಯ್ಲಿಲ್ಲ. ಬಿಸಿಯಾಗಿದ್ದು ನನ್ನ ಕಿವಿ ಒಂದೇ, ಅದೂ ಇವತ್ತು. ಬಸ್ಸೂ ನಾನು ತಳ್ಳಿಲ್ಲ, ಕೂತು ನಿದ್ದೆ ಮಾಡಿದ್ದೆ. ಅಂಗಡೀಲಿ ಜಾಗ ಇಲ್ದೇ ಹೊರಗೆ ನಿಲ್ಲೋದು. ಸಭೆಗೆ ಬಂದಿದ್ದು ನಲವತ್ತು ಜನ, ಮಕ್ಕಳೂ ಸೇರಿ.’